ಹಾಯಿಗೆ ಉಣಿಸಿದ ಹೋಳಿಗೆ

ವಾಸ್ಕೋದಲ್ಲಿ ಹಡಗುಗಳಿಗೇನು ಬರ? ಊರಷ್ಟು ಉದ್ದದ ಹಡಗುಗಳು ಬರುತ್ತವೆ, ಹೋಗುತ್ತವೆ. ಅವುಗಳ ಕಡೆಗೆ ಅಲ್ಲಿಯ ಬೀದಿನಾಯಿಗಳು ಕೂಡ ಕತ್ತು ತಿರುಗಿಸುವುದಿಲ್ಲ. ಆದರೆ ಜುವಾರಿ ನದಿಯ ದಂಡೆಯಲ್ಲಿ, ದೋಣಿ ರಿಪೇರಿಯ ಅಂಗಳದ ಒಂದು ಮೂಲೆಯಲ್ಲಿ ದಿನಕರನ ‘ಗಾಳಿಗೌರಿ’ ನಿಂತಿತ್ತಲ್ಲ, ಅದನ್ನು ನೋಡಲು ಮಾತ್ರ ಮೂರು ತಾಲೂಕಿನ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಏಕೆಂದರೆ ಅಷ್ಟೊಂದು ಸಿದ್ಧತೆ ಮಾಡಿಕೊಂಡು ಅಷ್ಟು ಕಡಿಮೆ ದೂರ ಹೋದ ಹಾಯಿದೋಣಿ ಏಳು ಸಮುದ್ರಗಳಲ್ಲಿ ಹುಡುಕಿದರೂ ಇನ್ನೊಂದು ಸಿಗುವುದಿಲ್ಲ.

ದಿನಕರ ಕಾರವಾರದವನು, ವಾಸ್ಕೋದ ಒಂದು ವಿಮಾ ಕಚೇರಿಯಲ್ಲಿ ಅಧಿಕಾರಿ. ಊರಿಗೆ ಮರಳುತ್ತಿದ್ದ ಯಾರೋ ವಿದೇಶಿಯವನಿಂದ ಆ ದೋಣಿಯನ್ನು ಕೊಂಡಿದ್ದ. ಚಳಿಗಾಲದ ಗಾಳಿ ಹಿಡಿದು ತೆಂಕಣಕ್ಕೆ ಹೋಗಬೇಕು. ಕಾರವಾರ, ಹೊನ್ನಾವರ, ಮಲ್ಪೆ ಎನ್ನುತ್ತ ಕೊಚ್ಚಿ ಮುಟ್ಟಬೇಕು. ಇದು ಅವನ ಆಸೆ. ಅಂಥಿಂಥ ಆಸೆಯಲ್ಲ, ಅದನ್ನು ಒಂದು ಸಲ ಜುವಾರಿಯಲ್ಲಿ ಅದ್ದಿದ್ದರೆ ನದಿ ಉಕ್ಕಿ ಎರಡೂ ದಂಡೆಯ ಊರುಗಳು ತೇಲಿ ಹೋಗುತ್ತಿದ್ದವು.

ಮಳೆಗಾಲ ಕಾಲು ತೆಗೆಯುವುದೇ ತಡ, ದೋಣಿಗೆ ಹೊದಿಸಿದ ತಾಡಪತ್ರಿ ಬಿಚ್ಚುವನು. ಹಳೆಯ ಬಣ್ಣ ಕೆರೆಸುವನು, ಹುಳ ಹತ್ತದಂಥ ಹೊಸ ಬಣ್ಣ ಬಳಿಸುವನು, ಚುಕ್ಕಾಣಿ ಬಿಚ್ಚಿ ಗ್ರೀಸು ಹಚ್ಚುವನು, ಹಗ್ಗಗಳನ್ನು ಎಳೆದು ಜಗ್ಗಿ ನೋಡುವನು, ಲಂಗರಿನ ಸರಪಳಿಯನ್ನು ಹೆಂಡತಿಯ ಬಂಗಾರದ ಸರದಂತೆ ತಿಕ್ಕಿ ತೊಳೆಯುವನು. ಕೊನೆಗೆ ಹೊರಡುವ ವಾರ ಒಂದು ಕಾರಣ ಹುಟ್ಟುವುದು. ಒಂದು ವರ್ಷ ಯಾವುದೋ ಬೋಲ್ಟು ಬರಲಿಲ್ಲ. ಒಂದು ವರ್ಷ ದಿಕ್ಸೂಚಿ ಸರಿಯಿಲ್ಲ ಅನ್ನಿಸಿತು. ಒಂದು ವರ್ಷ ಅವನ ದವಡೆಹಲ್ಲು ನೋಯಿತು. ಮತ್ತೊಂದು ವರ್ಷ ಎಲ್ಲವೂ ಸರಿ ಇತ್ತು. ಎಲ್ಲವೂ ಸರಿ ಇರುವುದೇ ಅವನಿಗೆ ಸಂಶಯ ಹುಟ್ಟಿಸಿತು; ಹೋಗಲಿಲ್ಲ.

ಬಣ್ಣ ಬಳಿಯುವವನು ಲಕ್ಷ್ಮಪ್ಪ. ಇಂಡಿ ತಾಲೂಕಿನ ಕಡೆಯಿಂದ ಹೊಟ್ಟೆಪಾಡಿಗೆ ಗೋವಾಕ್ಕೆ ಬಂದು, ದೋಣಿಗಳ ಹೊಟ್ಟೆ ಕೆರೆಯುತ್ತ ಇಲ್ಲಿಯೇ ಉಳಿದವನು. ಅವನ ನಾಲಿಗೆ ಅವನ ಕೆರೆಯುವ ಪಟ್ಟಿಗಿಂತ ಹರಿತ.

“ಸಾಹೇಬ್ರ, ಈ ದೋಣಿಗಿ ನಾ ಹಚ್ಚಿದ ಬಣ್ಣ ಎಲ್ಲಾ ಕೆರದ್ರ ಒಳಗ ದೋಣಿ ಸಿಗೂದಿಲ್ರಿ,” ಎನ್ನುತ್ತಿದ್ದ. “ಬರೇ ಬಣ್ಣದ್ದ ಒಂದು ದೋಣಿ ಆಗಿ ನಿಂತೈತಿ.”

“ಸುಮ್ನ ಹಚ್ಚೋ.”

“ಹಚ್ಚಾಕತ್ತೇನ್ರಿ. ನನ್ನ ಮೊಮ್ಮಗಗೂ ಕೆಲಸ ಐತಿ ಅಂತ ಊರಿಗಿ ಹೇಳಿ ಕಳಿಸೇನಿ.”

ಈ ವರ್ಷ ಮಾತ್ರ ದಿನಕರನ ಹೆಂಡತಿ ನಂದಾ ಗೆರೆ ಎಳೆದುಬಿಟ್ಟಳು. ಧಾರವಾಡದ ಹೆಣ್ಣುಮಗಳು, ವಾಸ್ಕೋದ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳು ಕಣ್ಣು ಕೆಂಪು ಮಾಡಿದರೆ ಬೆಸಸಂಖ್ಯೆಗಳು ಕೂಡ ಸಮಸಂಖ್ಯೆಯಾಗಿ ಸಾಲುಹಿಡಿದು ನಿಲ್ಲುತ್ತವೆ.

“ನೋಡ್ರಿ, ದೀಪಾವಳಿ ಆಗಿ ತಿಂಗಳಿಗೆ ಬರೂ ಛಟ್ಟಿ ಅಮವಾಸಿ ಒಳಗ ದೋಣಿ ಹೊರಡಾಕ ಸಜ್ಜಾದ್ರ ಆತು. ಇಲ್ಲಾಂದ್ರ ಸಂಗಣ್ಣಗ ಕೊಡೂದು. ಅವಗ ಮಾತ ಕೊಟ್ಟೇನಿ,” ಅಂದಳು.

ಸಂಗಣ್ಣ ಸಿಂದಗಿಯವನು. ಉಸಗಾಂವದಲ್ಲಿ ಅದಿರಿನ ಲಾರಿ ಓಡಿಸಿ, ಗಣಿ ನಿಂತ ಮೇಲೆ ಪರ್ವರಿಯಲ್ಲಿ ಹೋಟೆಲು ತೆಗೆದವನು. ಗಾಳಿಗೌರಿಯನ್ನು ಒಂದು ಸಲ ಸುತ್ತು ಹೊಡೆದು ನೋಡಿ, ಎಮ್ಮೆ ಕೊಳ್ಳುವವನಂತೆ ಬೆನ್ನು ತಟ್ಟಿ, ತನ್ನ ಯೋಜನೆ ಬಿಚ್ಚಿದ್ದ.

“ನಮ್ಮ ಹಾಟೇಲಿನ ಅಂಗಳದಾಗ ನಿಂದ್ರಸ್ತೇನ್ರಿ ಸಾಹೇಬ್ರ. ಒಳಗ ಕೂಡಾಕ ಬಾಕು ಹಾಕಿ, ಕಂಬಕ್ಕ ಲೈಟಿನ ಸರ ಬಿಡೂದು. ಜನ ದೋಣ್ಯಾಗ ಕುಂತು ಗಿರಮಿಟ್ಟ ತಿಂತಾರ. ಯಾರಿಗೂ ವಾಂತಿ ಬರೂದಿಲ್ಲ, ಯಾರೂ ಮುಳಗೂದಿಲ್ಲ. ದೋಣಿ ಅಂದ್ರ ಹಿಂಗ ಇರಬೇಕ್ರಿ.”

ಅಂದು ರಾತ್ರಿ ದಿನಕರನಿಗೆ ಊಟ ಸೇರಲಿಲ್ಲ. ತನ್ನ ದೋಣಿಯ ಹೊಟ್ಟೆಯಲ್ಲಿ ಕೂತು ಯಾರೋ ಮಂಡಕ್ಕಿಗೆ ಉಳ್ಳಾಗಡ್ಡಿ ಕಲೆಸುತ್ತಿರುವುದು ಕಣ್ಣಿಗೆ ಕಟ್ಟಿತು. ಆ ನೋವು ಎಷ್ಟಿತ್ತೆಂದರೆ, ಪಕ್ಕದ ಮನೆಯ ಗಡಿಯಾರ ಕೂಡ ಒಂದು ತಾಸು ನಿಂತು ಆಮೇಲೆ ನಡೆಯಿತು.

ಸಿದ್ಧತೆ ಶುರುವಾಯಿತು. ಬಣ್ಣ ಮುಗಿಯಿತು, ಚುಕ್ಕಾಣಿ ಮುಗಿಯಿತು. ದೊಡ್ಡ ಹಾಯಿಯನ್ನು ಬಿಚ್ಚಿ ನೋಡಿದರೆ ಬಟ್ಟೆ ಗಟ್ಟಿ, ಹೊಲಿಗೆಯ ದಾರ ಮಾತ್ರ ಬಿಸಿಲಿಗೆ ಬೆಂದು ಶಾವಿಗೆಯಂತೆ ಉದುರುತ್ತಿತ್ತು. ಹಾಯಿ ಹೊಲಿಯುವವನು ಮುಂಬಯಿಯಲ್ಲಿದ್ದ. ಸಂಕ್ರಾಂತಿ ದಾಟಲಿ, ನೋಡೋಣ ಎಂದ. ಫೋನು ಇಟ್ಟ ದಿನಕರ ಒಂದು ನಿಟ್ಟುಸಿರು ಬಿಟ್ಟ. ಅದು ದುಃಖದ್ದೋ ಸಮಾಧಾನದ್ದೋ ಅವನಿಗೇ ಹೊಳೆಯಲಿಲ್ಲ.

“ಅದಕ್ಯಾಕ ಮುಂಬೈ ತನಕ ಹೊಕ್ಕೀರಿ?” ಎಂದ ಲಕ್ಷ್ಮಪ್ಪ. “ಹಾಯಿ ಅಂದ್ರ ಏನು ಮತ್ತ, ಗಾಳಿ ಹೊಚ್ಚಿಕೊಳ್ಳೂ ಕೌದಿ. ನಮ್ಮಾಕಿ ಹೊಲೀತಾಳ ಬರ್ರಿ.”

ಹಾಗೆ ಬಂದವಳು ಬಾಳಮ್ಮ. ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದರಲ್ಲಿ ಅವಳ ಹೆಸರು ವಾಸ್ಕೋದ ಎಲ್ಲ ಓಣಿಗಳಲ್ಲಿ ಇತ್ತು. ಅವಳ ಕೌದಿ ಹೊದ್ದು ಮಲಗಿದವನು ಭೂಕಂಪವಾದರೂ ಮಗ್ಗುಲು ಬದಲಿಸುವುದಿಲ್ಲ. ಅವಳ ಕೈಯ ಹೊಲಿಗೆ ಹರಿಯಬೇಕಾದರೆ ಮೊದಲು ಹೊದ್ದವನು ಹರಿಯಬೇಕು. ಗೋಣಿ ಹೊಲಿಯುವ ದಬ್ಬಣ ಹಿಡಿದು, ಅಂಗಳದ ಸಿಮೆಂಟಿನ ಮೇಲೆ ಹರವಿದ ಹಾಯಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಏಟು ದೊಡ್ಡದೈತ್ರಿ ಯಪ್ಪಾ. ಇದನ್ನ ಹೊಚ್ಚಿಕೊಂಡ್ರ ನಮ್ಮ ಓಣಿ ಮಂದಿ ಎಲ್ಲಾ ಒಂದ ಕಡೆ ಮಕ್ಕೋಬಹುದು. ಖರೇ, ಮೂರ ಮೂಲಿ ಯಾಕೈತಿ? ನಾಕನೇದ್ದು ಯಾರ ಒಯ್ದ್ರು?”

“ಹಾಯಿ ಇರೂದ ಹಂಗ, ಬಾಳಮ್ಮ. ಗಾಳಿ ತಿಂದು ಹೊಟ್ಟಿ ಉಬ್ಬಿಸಿಕೊಂಡ ಮ್ಯಾಲ ದೋಣಿ ಎಳೀತದ,” ಎಂದು ದಿನಕರ ವಿವರಿಸಿದ.

ಬಾಳಮ್ಮ ತಲೆಯಾಡಿಸಿದಳು. ಆ ಮಾತನ್ನು ಅವಳು ಎಷ್ಟು ಮನಸ್ಸಿಗೆ ಹಚ್ಚಿಕೊಂಡಳೆಂಬುದು ಆಗ ಯಾರಿಗೂ ತಿಳಿಯಲಿಲ್ಲ. ಮೇಣ ತಿಕ್ಕಿದ ದಪ್ಪ ದಾರದಲ್ಲಿ ಓಳಿ ಓಳಿಯಾಗಿ ಹೊಲಿಯುತ್ತ ಹೋದಳು. ಅವಳ ದಬ್ಬಣದ ಸಪ್ಪಳಕ್ಕೆ ನದಿಯ ಮೀನುಗಳು ತಾಳ ಹಾಕಿದವೆಂದು ಲಕ್ಷ್ಮಪ್ಪ ಇವತ್ತಿಗೂ ಆಣೆ ಮಾಡುತ್ತಾನೆ. ಮೂರು ಮೂಲೆಗೂ ಪದರು ಪದರಾಗಿ ತೇಪೆ ಕೊಟ್ಟು ಗಟ್ಟಿ ಮಾಡಿ, ದಾರವನ್ನು ಹಲ್ಲಿನಿಂದ ಕಡಿದು, “ಮುಗೀತ್ರಿ” ಎಂದಳು. ಹಾಯಿಯನ್ನು ದೋಣಿಯ ಮೇಲೆ ಒಯ್ದು, ಮಡಿಸಿ, ಕಂಬದ ಬುಡಕ್ಕೆ ಕಟ್ಟಿಟ್ಟರು. ದಿನಕರನಿಗೆ ಈಗ ಹೇಳಿಕೊಳ್ಳಲು ಒಂದೂ ಕಾರಣ ಉಳಿದಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ಆದಿತ್ಯವಾರ ಬೆಳಿಗ್ಗೆ ಗಂಡಹೆಂಡಿರು ಅಂಗಳಕ್ಕೆ ಬಂದರು. ದಿನಕರ ಏಣಿ ಹತ್ತಿ ಡೆಕ್ಕಿನ ಮೇಲೆ ಕಾಲಿಟ್ಟು, ಇಟ್ಟ ಕಾಲನ್ನು ಹಾಗೇ ಹಿಂದೆ ತೆಗೆದ. ಇರುವೆಗಳು. ಕರಿಯ ಗೊದ್ದಗಳು. ಲಕ್ಷವಲ್ಲ, ಕೋಟಿಯಲ್ಲ, ಲೆಕ್ಕದ ಟೀಚರು ನಂದಾ ಕೂಡ ಒಂದು ನೋಟ ನೋಡಿ ಎಣಿಕೆಯ ಆಸೆ ಬಿಟ್ಟಳು. ಗೋವಾದ ಇರುವೆಗಳಷ್ಟೇ ಅಲ್ಲ, ಸಾವಂತವಾಡಿಯಿಂದಲೂ ರೈಲು ಹತ್ತಿ ಬಂದಂತಿತ್ತು. ಎಲ್ಲವೂ ಮಡಿಸಿಟ್ಟ ಹಾಯಿಯ ಒಂದು ಮೂಲೆಗೆ ಮುತ್ತಿದ್ದವು.

ಬಾಳಮ್ಮನನ್ನು ಕರೆಸಿದ್ದಾಯಿತು.

“ಹಾಯಿ ಮೂಲ್ಯಾಗ ಏನರೆ ಇಟ್ಟೀರೇನು?” ಎಂದು ಕೇಳಿದ ದಿನಕರ.

“ಹೋಳಿಗಿ ಇಟ್ಟೇನ್ರಿ.”

“ಹೋಳಿಗಿ.”

“ಹೌದ್ರಿ, ದೀಪಾವಳೀದು. ಕೌದಿ ಮುಗಸೂ ಮುಂದ ಕಡೀ ಮೂಲ್ಯಾಗ ಒಂದ ತುತ್ತ ಇಟ್ಟು ಹೊಲೀಬೇಕ್ರಿ. ಇಲ್ಲಾಂದ್ರ ಕೌದಿ ಉಪಾಸ ಇರತೈತಿ. ಉಪಾಸ ಇದ್ದ ಕೌದಿ ಹೊಚ್ಚಿಕೊಂಡವರನ್ನ ತಿಂತೈತಿ. ನಮ್ಮವ್ವ ಹಂಗ ಮಾಡತಿದ್ಲು, ಆಕಿ ಅವ್ವನೂ ಹಂಗ.”

“ಇದು ಕೌದಿ ಅಲ್ಲ, ಬಾಳಮ್ಮ.”

“ಹೊಟ್ಟಿ ಐತಿ ಅಂದ್ರೆಲ್ರಿ ನೀವ.”

ಲಕ್ಷ್ಮಪ್ಪ ನಗು ತಡೆಯಲು ಬಣ್ಣದ ಡಬ್ಬಿಯೊಳಗೆ ಮುಖ ಹಾಕಿದ. ದಿನಕರ ನಗಲಿಲ್ಲ. ಅವನ ಮುಂದೆ ಪರ್ವರಿಯ ಅಂಗಳ, ಲೈಟಿನ ಸರ, ಗಿರಮಿಟ್ಟು ಎಲ್ಲ ಸುಳಿದು ಹೋದವು. ಆಡಬಾರದ ಮಾತು ಆಡಿಬಿಟ್ಟ: “ದೋಣಿ ಕೆಲಸ ಗೊತ್ತಿಲ್ಲದವರ ಕೈಯಾಗ ಕೊಟ್ಟದ್ದು ನನ್ನ ತಪ್ಪು.”

ಬಾಳಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಏಣಿ ಹತ್ತಿ, ಹಾಯಿಯ ಮುಂದೆ ಕೂತು ತಾನು ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಇರುವೆ ಕಚ್ಚಿದರೂ ಕೈ ಕೊಡವಲಿಲ್ಲ. ನಂದಾ ಗಂಡನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಹೊಸದಾಗಿ ಬಳಿದ ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತು.

“ಗೂಡ ಎಲ್ಲೈತಿ ನೋಡ್ತೇನಿ ತಡೀರಿ. ಗೂಡಿಗಿ ಸೀಮೆಎಣ್ಣಿ ಬಿಟ್ರ ಆತು,” ಎಂದು ಲಕ್ಷ್ಮಪ್ಪ ಇರುವೆಯ ಸಾಲಿನ ಬೆನ್ನು ಹತ್ತಿದ.

ಎಲ್ಲರೂ ತಿಳಿದದ್ದು ಸಾಲು ದೋಣಿಯಿಂದ ಇಳಿದು ನೆಲಕ್ಕೆ ಹೋಗುತ್ತದೆ ಎಂದು. ಅದು ಇಳಿಯಲಿಲ್ಲ. ಹಾಯಿಯಿಂದ ಹೊರಟು, ಡೆಕ್ಕಿನ ಮೇಲೆ ಬಲಕ್ಕೆ ಹೊರಳಿ, ಅಂಚಿನಲ್ಲಿದ್ದ ಒಂದು ಉಕ್ಕಿನ ಪಟ್ಟಿಯ ಪಕ್ಕದ ಸೀಳಿನೊಳಗೆ ಮಾಯವಾಗುತ್ತಿತ್ತು. ಹೊಸ ಬಣ್ಣದಲ್ಲಿ ಆ ಸೀಳು ಕೂದಲೆಳೆಯಷ್ಟೂ ಕಾಣುವಂತಿರಲಿಲ್ಲ. ಇರುವೆ ಹೊಕ್ಕಿತೆಂದೇ ಅದು ಸೀಳು ಎಂದು ಗೊತ್ತಾದದ್ದು.

“ಇವು ಒಳಗ ಮನಿ ಮಾಡ್ಯಾವು ನೋಡ್ರಿ ಸಾಹೇಬ್ರ,” ಎಂದ ಲಕ್ಷ್ಮಪ್ಪ. ಈ ಸಲ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಗೊದ್ದ ಗಟ್ಟಿ ಮರದಲ್ಲಿ ಮನೆ ಮಾಡುವುದಿಲ್ಲ. ಕೊಳೆತ ಮರದಲ್ಲಿ ಮಾಡುತ್ತದೆ. ದಿನಕರ ಸ್ಕ್ರೂಡ್ರೈವರಿನ ತುದಿಯನ್ನು ಸೀಳಿಗೆ ಇಟ್ಟು ಮೆಲ್ಲಗೆ ಒತ್ತಿದ. ಅದು ಹಣ್ಣಾದ ಚಿಕ್ಕುವಿನೊಳಗೆ ಹೋದಂತೆ ಹಿಡಿಕೆಯ ತನಕ ಹೋಯಿತು.

ಆ ಪಟ್ಟಿ ಯಾವುದೆಂದು ಅವನಿಗೆ ಗೊತ್ತಿತ್ತು. ಹಾಯಿಕಂಬವನ್ನು ಪಕ್ಕದಿಂದ ಬಿಗಿದು ಹಿಡಿದ ಉಕ್ಕಿನ ತಂತಿ ಬಂದು ಸೇರುವುದು ಆ ಪಟ್ಟಿಗೆ; ಪಟ್ಟಿ ನಿಂತಿರುವುದು ಆ ಮರದ ಮೇಲೆ. ಕಡಲಿನ ಮಧ್ಯೆ ಗಾಳಿ ಒಂದು ಸಲ ಜೋರಾಗಿ ಹಾಯಿ ಎಳೆದಿದ್ದರೆ ಪಟ್ಟಿ ಬುಡಸಹಿತ ಕಿತ್ತು, ಅಷ್ಟುದ್ದದ ಕಂಬ ತಲೆಯ ಮೇಲೆ ಬೀಳುತ್ತಿತ್ತು. ಪ್ರತಿ ವರ್ಷ ಅವನು ಆ ಪಟ್ಟಿಯನ್ನು ಒರೆಸಿದ್ದ, ಹೊಳೆಯುವಂತೆ ತಿಕ್ಕಿದ್ದ, ಸುತ್ತಲೂ ಬಣ್ಣ ಹಚ್ಚಿಸಿದ್ದ. ಒಳಗೆ ಏನಿದೆ ಎಂದು ಒತ್ತಿ ನೋಡಿರಲಿಲ್ಲ.

ದಿನಕರ ಸ್ಕ್ರೂಡ್ರೈವರನ್ನು ಹೊರಗೆ ಎಳೆದುಕೊಂಡ. ಹಾಗೇ ಕೂತಲ್ಲಿಂದ ಬಾಳಮ್ಮನ ಕಡೆ ತಿರುಗಿ ಎರಡೂ ಕೈ ಜೋಡಿಸಿದ.

“ತಪ್ಪಾತು ಬಾಳಮ್ಮ. ನಿಮ್ಮ ಹೋಳಿಗಿ ಇರದಿದ್ರ ನಾವಿಬ್ಬರೂ...”

“ನಂದೇನೈತ್ರಿ ಇದರಾಗ,” ಎಂದಳು ಅವಳು, ಇನ್ನೂ ಮುನಿಸು ಪೂರ್ತಿ ಇಳಿಯದೆ. “ಮರ ಕೊಳತದ್ದು ನನಗೂ ಗೊತ್ತಿರಲಿಲ್ಲ. ಉಣ್ಣಾಕ ಇಟ್ಟೆ, ಉಣ್ಣಾವರು ಬಂದ್ರು. ಕೈ ಮುಗಿಯೂದಿದ್ರ ಅವಕ್ಕ ಮುಗೀರಿ.”

ದಿನಕರ ನಿಜವಾಗಿಯೂ ಇರುವೆಗಳಿಗೆ ಕೈ ಮುಗಿದ. ಸುಳ್ಳಲ್ಲ; ಬೇಕಾದರೆ ಆ ಇರುವೆಗಳನ್ನು ಕೇಳಿ. ಆದರೆ ಕೈ ಕೆಳಗೆ ಇಳಿಯುವ ಮೊದಲೇ ಅವನ ಹಳೆಯ ರೋಗ ಮರುಕಳಿಸಿತು.

“ಇಷ್ಟೆಲ್ಲಾ ಬಿಚ್ಚಿ ಹೊಸ ಮರ ಹಾಕೂದಂದ್ರ ಈ ವರ್ಷ ಆಗೂದಲ್ಲ. ದೇವರ ಉಳಿಸ್ಯಾನ. ಮುಂದಿನ ವರ್ಷ ನೋಡೂಣು.”

“ನಾ ಒಂದ ಮಾತ ಕೇಳ್ತೇನಿ,” ಎಂದಳು ನಂದಾ. ಶಾಲೆಯ ದನಿಯಲ್ಲಲ್ಲ, ಆ ದನಿ ದಿನಕರ ಬಹಳ ಕಾಲದಿಂದ ಕೇಳಿರಲಿಲ್ಲ. “ಪ್ರತಿ ವರ್ಷ ಬುತ್ತಿ ಕಟ್ಟಾಕಿ ನಾನು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಚಕ್ಕಲಿ. ಪ್ರತಿ ವರ್ಷ ಅದನ್ನ ಮನ್ಯಾಗ ಕುರ್ಚಿ ಮ್ಯಾಲ ಕುಂತು ತಿಂದು ಮುಗಿಸೇವಿ. ನಿಮ್ಮ ಒಬ್ಬರದ ಆಸೆ ಅನಕೊಂಡೀರೇನು ಇದು? ನಾನೂ ಕಾಯಾಕತ್ತೇನ್ರಿ.”

“ನೀನ ಸಂಗಣ್ಣಗ ಮಾತ ಕೊಟ್ಟಿ.”

“ನಿಮ್ಮನ್ನ ಎಬ್ಬಸಾಕ ಕೊಟ್ಟೆ. ದೋಣಿ ಮಾರಾಕಲ್ಲ.”

“ಅಂದ್ರ ನಾ ಇಲ್ಲಿ ಗುಮ್ಮ ಏನ್ರಿ ಅಕ್ಕಾರ?” ಎಂದು ಕೆಳಗಿನಿಂದ ಒಂದು ದನಿ ಬಂತು.

ಸಂಗಣ್ಣ. ದೋಣಿಯನ್ನು ಅಳತೆ ಮಾಡಿಕೊಂಡು ಹೋಗಲು ಬಂದವನು ಏಣಿಯ ಬುಡದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನಂದಾಳ ಮುಖ ಕೆಂಪಾಯಿತು. ಆದರೂ ಧಾರವಾಡದವಳು, ಸುಳ್ಳಾಡಲಿಲ್ಲ.

“ಹೌದ್ರಿ ಸಂಗಣ್ಣಾರ.”

“ಇರಲಿ. ನಮ್ಮ ಮನ್ಯಾಗೂ ಮಕ್ಕಳು ಉಣ್ಣದಿದ್ರ ನನ್ನ ಹೆಸರ ಹೇಳತಾರ.”

ಏದುಸಿರು ಬಿಡುತ್ತ ಅವನೂ ಮೇಲೆ ಹತ್ತಿದ. ಅವನ ತೂಕಕ್ಕೆ ದೋಣಿ, ಅದು ನಿಂತ ಅಂಗಳ, ಅಂಗಳದ ಕೆಳಗಿನ ಭೂಮಿ ಎಲ್ಲವೂ ಒಂದು ಗೇಣು ಕುಸಿದವು. ಸ್ಕ್ರೂಡ್ರೈವರು ಇಸಿದುಕೊಂಡು ತಾನೂ ಒತ್ತಿ ನೋಡಿದ. ತಲೆಯೆತ್ತಿ ಕಂಬ ನೋಡಿದ. ಮತ್ತೆ ಮರ ನೋಡಿದ.

“ಇದನ್ನ ನಾ ಒಯ್ದು ಹಾಟೇಲಿನ ಮುಂದ ನಿಂದ್ರಿಸಿ, ಲೈಟಿನ ಸರ ಜಗ್ಗಿ ಕಟ್ಟಿದ್ರ ಕಂಬ ಯಾರ ತಲಿ ಮ್ಯಾಲ ಬೀಳತಿತ್ರಿ?”

“ಗಿರಮಿಟ್ಟ ತಿನ್ನಾವರ ತಲಿ ಮ್ಯಾಲ,” ಎಂದ ಲಕ್ಷ್ಮಪ್ಪ.

“ಗಿರಾಕಿ ತಲಿ ಮ್ಯಾಲ.” ಸಂಗಣ್ಣ ಬಾಳಮ್ಮನಿಗೆ ಕೈ ಮುಗಿದ. “ಅವ್ವಾ, ನೀ ಸಾಹೇಬ್ರನಷ್ಟ ಉಳಿಸಿಲ್ಲ, ನನ್ನನ್ನೂ ಉಳಿಸೀದಿ.” ದಿನಕರನ ಕಡೆ ತಿರುಗಿದ. “ನಮ್ಮ ಬಡಿಗ್ಯಾರು ನಿಮ್ಮ ದೋಣಿಗಿ ಬಾಕು ಮಾಡಾಕಂತ ಸಾಗವಾನಿ ಹಲಗಿ ಇಟಗೊಂಡು ಕುಂತಾರ. ನಾಳೆ ಇಲ್ಲಿ ಕಳಿಸ್ತೇನಿ. ಹಲಗಿ ಸುದ್ದಾ. ಮುಂದಿನ ವರ್ಷ ಅನಬ್ಯಾಡ್ರಿ.”

ದಿನಕರ ಮೂವರ ಮುಖವನ್ನೂ ನೋಡಿದ. ತನ್ನ ದೋಣಿಯನ್ನು ಸೆಳೆದೊಯ್ಯಲು ಬಂದ ಮನುಷ್ಯ ಅದಕ್ಕೆ ಮರ ಕೊಡುತ್ತಿದ್ದ. ತಾನು ಬೈದ ಹೆಂಗಸು ಅದರ ಹಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ತನ್ನ ಮೇಲೆ ಸಿಟ್ಟಾಗಿದ್ದಾಳೆಂದು ತಿಳಿದ ಹೆಂಡತಿ ಎಲ್ಲರಿಗಿಂತ ಮೊದಲೇ ಹೊರಟು ನಿಂತಿದ್ದಳು.

ಬಡಿಗರು ಬಂದರು. ಕೊಳೆತ ಮರ ಕಡಿದು ತೆಗೆದರು. ಲಕ್ಷ್ಮಪ್ಪ ಸೀಮೆಎಣ್ಣೆಯ ಡಬ್ಬಿ ಎತ್ತಿದರೆ ಬಾಳಮ್ಮ ಅವನ ಕೈ ಹಿಡಿದಳು.

“ಉಪಕಾರ ಮಾಡಿದವರನ್ನ ಹಿಂಗ ಕಳಸ್ತಾರೇನು? ಸರಿ ಆ ಕಡೆ.”

ಬಾಳೆಎಲೆಯ ಮೇಲೆ ಬೆಲ್ಲದ ಹುಡಿ ಸುರಿದು, ಇರುವೆಗಳು ಹತ್ತುವ ತನಕ ಕಾದು, ಗೂಡಿನ ಚೂರುಗಳ ಸಮೇತ ಅಂಗಳದಾಚೆಯ ಗೇರುಮರದ ಬುಡಕ್ಕೆ ಮೆರವಣಿಗೆಯಲ್ಲಿ ಒಯ್ದು ಇಳಿಸಿದಳು. ಊರದೇವರಿಗೂ ಅಂಥ ಮೆರವಣಿಗೆ ಆಗಿಲ್ಲ. ಹಾಯಿಯ ಮೂಲೆಯನ್ನು ಮತ್ತೆ ಹೊಲಿಯುವಾಗ ದಿನಕರನೇ ಹತ್ತಿರ ಬಂದು ತಡವರಿಸುತ್ತ ಕೇಳಿದ, “ಖಾಲಿ ಬಿಡೂದು ಚಲೋ ಅಲ್ಲ ಅನಸ್ತದ, ಹೌದಲ್ಲ?” ಬಾಳಮ್ಮ ನಕ್ಕಳು. ಈ ಸಲ ಕಟಕ ರೊಟ್ಟಿಯ ಚೂರನ್ನು ತೊಳೆದ ಹಾಲಿನ ಪಾಕೀಟಿನಲ್ಲಿ ಸುತ್ತಿ ಇಟ್ಟಳು.

ಅಷ್ಟರಲ್ಲಿ ಅಮಾವಾಸ್ಯೆ ದಾಟಿ ಹೋಗಿತ್ತು. ನಂದಾ ಕ್ಯಾಲೆಂಡರಿಗೆ ಬೆನ್ನು ಮಾಡಿ ನಿಂತು, ಅದನ್ನು ನೋಡಲೇ ಇಲ್ಲ.

ಇಳಿಸುವ ದಿನ ಸಂಗಣ್ಣ ತನ್ನ ಹೋಟೆಲಿಗೆ ದೋಣಿ ಒಯ್ಯಲೆಂದು ಗೊತ್ತು ಮಾಡಿದ್ದ ಕ್ರೇನನ್ನೇ ತಂದ. ಮನೆಯ ಹೆಣ್ಣುಮಗಳಿಗೆ ಮಾಡುವಂತೆ ನಂದಾ ಬಾಳಮ್ಮನಿಗೆ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಕಣ. ಬಾಳಮ್ಮ ಅದರಿಂದಲೇ ಒಂದು ಹಿಡಿ ಅಕ್ಕಿ ತೆಗೆದು ದೋಣಿಯ ಮೂತಿಗೆ ಉಡಿ ತುಂಬಿದಳು. ಕ್ರೇನು ಗಾಳಿಗೌರಿಯನ್ನು ಎತ್ತಿ, ಗಾಳಿಯಲ್ಲಿ ತೂಗಿ, ನದಿಯ ಮೇಲೆ ತಂದು ನಿಲ್ಲಿಸಿತು. ಇನ್ನೊಂದು ಮೊಳ ಇಳಿದರೆ ನೀರು.

ಲಕ್ಷ್ಮಪ್ಪ ಕುಂಚ ಹಿಡಿದು ದಿನಕರನ ಪಕ್ಕಕ್ಕೆ ಬಂದ. “ಸಾಹೇಬ್ರ, ಆ ಅಂಚಿಗಿ ಬಣ್ಣ ಒಂದೀಟ ತೆಳ್ಳಗ ಕಾಣತೈತಿ. ಇನ್ನೊಂದ ಸಲ ಹಚ್ಚಿಬಿಡ್ಲೇನ್ರಿ? ಒಣಗಾಕ ನಾಕ ದಿನ ಸಾಕು.”

ಚೇಷ್ಟೆಗೆ ಕೇಳಿದ್ದು. ಆದರೆ ದಿನಕರ ಅಂಚಿನ ಕಡೆ ನೋಡಿದ. ತೆಳ್ಳಗೇ ಇತ್ತು. ಅವನ ಬಾಯಿ ತೆರೆಯಿತು. ಕ್ರೇನಿನವನು ಹಿಡಿಕೆಯ ಮೇಲೆ ಕೈ ಇಟ್ಟು ಕಾದ, ಸಂಗಣ್ಣ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ, ನಂದಾ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ಜುವಾರಿ ಹರಿಯುವುದನ್ನು ಬಿಟ್ಟು ಕಿವಿಗೊಟ್ಟು ನಿಂತಿತು.

“ಸಾಕು,” ಎಂದ ದಿನಕರ. “ಇಳಸ್ರಿ.”

ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಬಂದ ಅತಿ ದೊಡ್ಡ ಮಾತು ಅದು.

ಮರುದಿನ ಬೆಳಿಗ್ಗೆ, ನೆಲದ ಕಡೆಯಿಂದ ಬೀಸುವ ಮೂಡಗಾಳಿಗೆ ಹಾಯಿ ಏರಿಸಿದರು. ಹಾಯಿ ಒಂದೆರಡು ಸಲ ಪಟಪಟ ಬಡಿದು, ಆಮೇಲೆ ಹೊಟ್ಟೆ ತುಂಬ ಗಾಳಿ ತುಂಬಿಕೊಂಡು ಸುಮ್ಮನಾಯಿತು. ಬಲಕ್ಕಿದ್ದ ತಂತಿ ಬಿಗಿದು ನಿಂತಿತು. ದಿನಕರ ಅದರ ಮೇಲೆ ಅಂಗೈ ಇಟ್ಟು, ಒಳಗಿನ ಹೊಸ ಮರ ಹಿಡಿದುಕೊಂಡಿರುವುದನ್ನು ಕೈಯಿಂದಲೇ ಕೇಳಿಸಿಕೊಂಡ. ದಂಡೆಯ ಮೇಲಿದ್ದವರು ಎಳ್ಳಿನಷ್ಟಾಗುವ ತನಕ “ಹೋಗಿ ಬರ್ತೇವ್ರಿ” ಎಂದು ಕೂಗುತ್ತಲೇ ಇದ್ದ. ಅವರಿಗೆ ಕೇಳಿಸುವಂತಿರಲಿಲ್ಲ. ಆದರೂ ಒಬ್ಬೊಬ್ಬರ ಹೆಸರು ಹಿಡಿದು ಹೇಳಿದ; ಕ್ರೇನಿನವನ ಹೆಸರು ಕೇಳಿಟ್ಟುಕೊಳ್ಳಲಿಲ್ಲವಲ್ಲ ಎಂದು ನೊಂದುಕೊಂಡ.

ಮುರಗಾಂವ ಬಂದರಿನ ಮೂಗು ದಾಟಿದ ಮೇಲೆ ಅಲೆಗಳು ಬೇರೆಯಾದವು. ದಿನಕರ ಚುಕ್ಕಾಣಿ ಹೊರಳಿಸಿದ. ಇಷ್ಟು ಹೊತ್ತು ಬೆನ್ನಿಗೆ ಬೀಳುತ್ತಿದ್ದ ಬಿಸಿಲು ಮೆಲ್ಲಗೆ ಸರಿದು ಬಂದು ಇಬ್ಬರ ಎಡಗೆನ್ನೆಗೂ ಬಿತ್ತು.

“ಎಡಗಡೆ ಬಿಸಲ ಬಿದ್ರ ಏನ್ರಿ ಅರ್ಥ?” ಎಂದು ಕೇಳಿದಳು ನಂದಾ. ಗೊತ್ತಿದ್ದೇ ಕೇಳಿದಳು.

“ತೆಂಕಣಕ್ಕ ಹೊಂಟೇವಿ ಅಂತ,” ಎಂದ ಅವನು.

ನಂದಾ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಹೋದವಳು, ಬೇಡವೆನಿಸಿ, ಬಿಸಿಲಿಗೆ ಮುಖ ಕೊಟ್ಟು ಹಾಗೇ ಕೂತಳು.